ಒಲೆ ಹಚ್ಚದ ಭಿಕ್ಷು, ಅನ್ನ ಹಾಕುವ ಊರು

ಥಾಯ್ಲೆಂಡಿನ ಕಾಡಂಚಿನ ಒಂದು ವಿಹಾರ. ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಜಾಗ. ಬೆಳಗಿನ ಊಟದ ಹೊತ್ತು. ಭಿಕ್ಷುವಿನ ಮುಂದೆ ತಟ್ಟೆಯಲ್ಲಿ ಕಿತ್ತಳೆ ಹಣ್ಣಿದೆ, ಹೊಟ್ಟೆಯಲ್ಲಿ ಹಸಿವೂ ಇದೆ. ಆದರೂ ಅವರು ಕೈ ಹಾಕುವುದಿಲ್ಲ. ಎದುರಿಗೆ ಕೂತ ಊರಿನವನ ಕಡೆ ನೋಡಿ ಪಾಲಿ ಭಾಷೆಯಲ್ಲಿ "ಕಪ್ಪಿಯಂ ಕರೋಹಿ" ಅನ್ನುತ್ತಾರೆ. ನಾನು ತಿನ್ನಬಹುದಾದ ಹಾಗೆ ಮಾಡಿಕೊಡು ಅಂತ ಅದರ ಅರ್ಥ. ಆತ ಚಾಕುವಿನ ತುದಿಯಿಂದ ಹಣ್ಣನ್ನು ಒಮ್ಮೆ ಚುಚ್ಚುತ್ತಾನೆ. "ಕಪ್ಪಿಯಂ ಭಂತೇ" ಅನ್ನುತ್ತಾನೆ. ಆಯ್ತು ಸ್ವಾಮಿ, ಈಗ ತಿನ್ನಬಹುದು. ತಟ್ಟೆಯಲ್ಲಿ ಹಣ್ಣುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಒಂದನ್ನು ಚುಚ್ಚಿದರೆ ಸಾಕು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಯಾಕೆ ಇಷ್ಟೆಲ್ಲ? ಹಣ್ಣಿನೊಳಗೆ ಮೊಳೆಯಬಲ್ಲ ಬೀಜ ಇದೆ. ಗಿಡಮರಗಳಿಗೆ, ಮೊಳೆಯುವ ಬೀಜಕ್ಕೆ ಭಿಕ್ಷು ಹಾನಿ ಮಾಡಬಾರದು ಅನ್ನುವುದು ನಿಯಮ. ಮೊದಲ ಸಲ ಕೇಳಿದವರಿಗೆ ಇದು ಸುಮ್ನೆ ಶಾಸ್ತ್ರಕ್ಕೆ ಮಾಡುವ ಕೆಲಸ ಅನ್ನಿಸುತ್ತದೆ. ಆದರೆ ಒಂದು ಮಾತು ಗಮನಿಸಿ. ಒಂದು ಕಿತ್ತಳೆ ತಿನ್ನುವುದಕ್ಕೂ ಭಿಕ್ಷುವಿಗೆ ಪಕ್ಕದಲ್ಲೊಬ್ಬ ಸಂಸಾರಿ ಬೇಕು. ಬೌದ್ಧ ವಿಹಾರಕ್ಕೂ ಸುತ್ತಲಿನ ಊರಿಗೂ ಇರುವ ನಂಟು ಅರ್ಥವಾಗಬೇಕಾದರೆ ಈ ಹಣ್ಣಿನಿಂದಲೇ ಶುರು ಮಾಡುವುದು ಒಳ್ಳೆಯದು.

ಶ್ರೀಲಂಕಾ, ಮ್ಯಾನ್ಮಾರ್, ಥಾಯ್ಲೆಂಡ್, ಲಾವೋಸ್, ಕಾಂಬೋಡಿಯಾಗಳಲ್ಲಿ ಇರುವುದು ಥೇರವಾದ ಪಂಥ. ಅಲ್ಲಿ ಭಿಕ್ಷುವಿಗೆ 227 ನಿಯಮಗಳು. ಅದರಲ್ಲಿ ಮಣ್ಣು ಅಗೆಯಬಾರದು ಅಂತ ಒಂದಿದೆ, ಅಲ್ಲಿಗೆ ಬೇಸಾಯ ಮುಗಿಯಿತು. ಇಂದು ಪಡೆದ ಅನ್ನವನ್ನು ನಾಳೆಗೆ ಎತ್ತಿಡಬಾರದು. ಮಧ್ಯಾಹ್ನ ಕಳೆದ ಮೇಲೆ ಉಣ್ಣಬಾರದು. ಯಾರಾದರೂ ಕೊಡದ ಹೊರತು ನೀರು, ಹಲ್ಲುಕಡ್ಡಿ ಬಿಟ್ಟು ಬೇರೇನೂ ಬಾಯಿಗೆ ಹಾಕಬಾರದು. ಚಿನ್ನ, ಬೆಳ್ಳಿ, ದುಡ್ಡು ಮುಟ್ಟಬಾರದು. ತಾನೇ ಅಡುಗೆ ಮಾಡಿಕೊಳ್ಳುವಂತೆಯೂ ಇಲ್ಲ. ಹೊಲ, ಒಲೆ, ಉಗ್ರಾಣ, ಗಲ್ಲಪೆಟ್ಟಿಗೆ: ನಾಲ್ಕೂ ಬಂದ್. ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಮಾತ್ರ ಔಷಧಿಯ ಲೆಕ್ಕದಲ್ಲಿ ಏಳು ದಿನ ಇಟ್ಟುಕೊಳ್ಳಬಹುದು.

ನಮ್ಮ ಪುರಾಣದ ಋಷಿಗಳು ಕಾಡಿನಲ್ಲಿ ಗಡ್ಡೆಗೆಣಸು ಕಿತ್ತು ತಿಂದು ನಾಡಿನ ಗೊಡವೆಯಿಲ್ಲದೆ ಇದ್ದುಬಿಡಬಹುದಿತ್ತು. ಬುದ್ಧನ ಭಿಕ್ಷುವಿಗೆ ಆ ದಾರಿಯೇ ಇಲ್ಲ. ಗಡ್ಡೆ ಕೀಳುವ ಹಾಗಿಲ್ಲವಲ್ಲ! ದಿನ ಬೆಳಗಾದರೆ ಆತ ಊರಿಗೆ ಬರಲೇಬೇಕು. ನನಗೆ ಅನ್ನಿಸುವುದು ಇಷ್ಟು: ಈ ಪರಾವಲಂಬನೆ ಎಡವಟ್ಟಿನಿಂದ ಆದದ್ದಲ್ಲ, ಬೇಕೆಂದೇ ಹೆಣೆದದ್ದು. ಮಗಧದ ರಾಜ ಬಿಂಬಿಸಾರ ಸಂಘಕ್ಕೆ, ಅಂದರೆ ಭಿಕ್ಷುಗಳ ಸಮುದಾಯಕ್ಕೆ, ತಂಗುವ ಮೊದಲ ಜಾಗವಾಗಿ ವೇಳುವನ ಎಂಬ ಬಿದಿರ ತೋಪನ್ನು ಕೊಟ್ಟ. ಅವನು ಜಾಗ ಆರಿಸಿದ ಲೆಕ್ಕಾಚಾರವನ್ನು ವಿನಯ, ಅಂದರೆ ಭಿಕ್ಷುಗಳ ನಿಯಮಗಳ ಗ್ರಂಥ, ಹೇಳುತ್ತದೆ. ಊರಿಗೆ ತೀರಾ ದೂರ ಇರಬಾರದು, ತೀರಾ ಹತ್ತಿರವೂ ಇರಬಾರದು. ಜನ ಹೋಗಿ ಬರಲು ಸಲೀಸಾಗಿರಬೇಕು. ಹಗಲು ಗದ್ದಲ ಕಡಿಮೆ, ರಾತ್ರಿ ಸದ್ದು ಕಡಿಮೆ ಇರಬೇಕು. ಇಂದಿಗೂ ಥಾಯ್ ಹಳ್ಳಿಗಳಲ್ಲಿ ಕಾಡಿನ ವಿಹಾರ ಇರುವುದು ಸುಮಾರಾಗಿ ಇಷ್ಟೇ ದೂರದಲ್ಲಿ. ಬರಿಗಾಲಲ್ಲಿ ಬೆಳಗ್ಗೆ ನಡೆದು ಹೋಗಿ, ಹೊತ್ತೇರುವ ಮೊದಲು ವಾಪಸ್ ಬರುವಷ್ಟು.

ಆ ನಡಿಗೆಗೆ ಪಿಂಡಪಾತ ಅನ್ನುತ್ತಾರೆ. ದೀಕ್ಷೆಯ ಹಿರಿತನದ ಪ್ರಕಾರ ಸಾಲು. ಅರವತ್ತರ ವಯಸ್ಸಿನಲ್ಲಿ ಹೋದ ವರ್ಷ ದೀಕ್ಷೆ ಪಡೆದವರು ಮೂವತ್ತರ ಹರೆಯದ ಹಳೇ ಭಿಕ್ಷುವಿನ ಹಿಂದೆ ನಿಲ್ಲುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ರೋಗಿಯಲ್ಲದಿದ್ದರೆ ಇಂಥದ್ದೇ ಪದಾರ್ಥ ಬೇಕು ಅಂತ ಕೇಳುವುದು ಅಪರಾಧ. ಲಾವೋಸಿನ ಲುವಾಂಗ್ ಪ್ರಬಾಂಗ್ ಪಟ್ಟಣದಲ್ಲಿ ಹೆಂಗಸರು ರಸ್ತೆ ಬದಿ ಮಂಡಿಯೂರಿ ಕೂತು, ಬಿದಿರ ಬುಟ್ಟಿಯಿಂದ ಅಂಟಕ್ಕಿಯ ಅನ್ನವನ್ನು ಚಿಟಿಕೆ ಗಾತ್ರದ ಉಂಡೆ ಮಾಡಿ ಒಂದೊಂದು ಪಾತ್ರೆಗೂ ಹಾಕುತ್ತಾರೆ. ಸಾಲು ನಿಲ್ಲದೆ ಮುಂದೆ ಹೋಗುತ್ತಿರುತ್ತದೆ. (ಈಗ ಅಲ್ಲಿ ಕ್ಯಾಮೆರಾ ಹಿಡಿದ ಪ್ರವಾಸಿಗರೇ ಜಾಸ್ತಿ. ದೂರ ನಿಲ್ಲಿ, ಫ್ಲ್ಯಾಶ್ ಹಾಕಬೇಡಿ ಅಂತ ಬೋರ್ಡು ಹಾಕಬೇಕಾಗಿ ಬಂದಿದೆ.)

ಭಿಕ್ಷು ಅನ್ನ ಪಡೆದು 'ಥ್ಯಾಂಕ್ಸ್' ಹೇಳುವುದಿಲ್ಲ. ಕೈ ಮುಗಿಯುವುದು ಕೊಟ್ಟವರು. ಇದು ಹೊರಗಿನವರಿಗೆ ವಿಚಿತ್ರ ಅನ್ನಿಸುತ್ತದೆ. ಪಾಲಿ ಗ್ರಂಥಗಳಲ್ಲಿ ಸಂಘವನ್ನು 'ಪುಣ್ಯಕ್ಷೇತ್ರ' ಅಂತ ಕರೆದಿದೆ. ಕನ್ನಡದಲ್ಲಿ ಆ ಮಾತು ಕೇಳಿದರೆ ನಮಗೆ ತೀರ್ಥಯಾತ್ರೆಯ ಊರು ನೆನಪಾಗುತ್ತದೆ. ಪಾಲಿಯಲ್ಲಿ ಕ್ಷೇತ್ರ ಅಂದರೆ ನಿಜವಾಗಿ ಹೊಲ. ರೈತ ಬೀಜ ಬಿತ್ತುವ ಹಾಗೆ ಗೃಹಸ್ಥ ಅನ್ನ ಹಾಕುತ್ತಾನೆ, ಬೆಳೆ ಪುಣ್ಯವಾಗಿ ಬರುತ್ತದೆ. ಬಿತ್ತಿದ ಬೀಜಕ್ಕೆ ಹೊಲ ಧನ್ಯವಾದ ಹೇಳುತ್ತದೆಯೇ? ಅದರ ಕೆಲಸ ಫಲವತ್ತಾಗಿರುವುದು. ಅಂದರೆ ಭಿಕ್ಷುವಿನ ಬದುಕು ಶುದ್ಧವಾಗಿರಬೇಕು, ಇಲ್ಲದಿದ್ದರೆ ಬಿತ್ತಿದವರಿಗೆ ನಷ್ಟ. ಹಾಗಾಗಿಯೇ ಊರಿನ ಕಣ್ಣು ಯಾವಾಗಲೂ ವಿಹಾರದ ಮೇಲಿರುತ್ತದೆ. ಭಿಕ್ಷು ಸಂಜೆ ಹೊತ್ತು ಏನಾದರೂ ಮೆಲ್ಲುತ್ತಿದ್ದರೆ ಮರುದಿನ ಊರಿಗೆಲ್ಲ ಗೊತ್ತು.

ಈ ಕಣ್ಗಾವಲಿಗೆ ಹಲ್ಲೂ ಇತ್ತು. ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಒಂದೇ ಕಡೆ ನೆಲೆ ನಿಲ್ಲುವ ವರ್ಷಾವಾಸ ಬೌದ್ಧ ವರ್ಷದ ದೊಡ್ಡ ಆಚರಣೆ. ಅದು ಶುರುವಾದದ್ದೇ ಜನರ ದೂರಿನಿಂದ. ಮಳೆಯಲ್ಲೂ ತಿರುಗಾಡಿ ಹಸಿರು ಹುಲ್ಲು, ಸಣ್ಣಪುಟ್ಟ ಜೀವಗಳನ್ನು ತುಳಿಯುತ್ತಾರಲ್ಲ ಇವರು, ಬೇರೆ ಪಂಥದವರು ಒಂದು ಕಡೆ ನಿಲ್ಲುತ್ತಾರೆ, ಹಕ್ಕಿಗಳು ಕೂಡ ಮರದ ತುದಿಯಲ್ಲಿ ಗೂಡು ಕಟ್ಟಿ ಕೂರುತ್ತವೆ ಅಂತ ಜನ ಆಡಿಕೊಂಡರಂತೆ. ಬುದ್ಧ ನಿಯಮ ಮಾಡಿದ. ವಿನಯದ ಎಷ್ಟೋ ನಿಯಮಗಳ ಹಿಂದಿನ ಕಥೆ ಹೀಗೆಯೇ ಸಾಗುತ್ತದೆ: ಜನ ಗೊಣಗಿದರು, ಬುದ್ಧನ ಕಿವಿಗೆ ಬಿತ್ತು, ನಿಯಮ ಬಂತು.

ಬುದ್ಧನ ಕಾಲದಲ್ಲಿ ಕೋಸಂಬಿ ಪಟ್ಟಣದ ಭಿಕ್ಷುಗಳ ನಡುವೆ ನಡೆದ ಜಗಳ ಇನ್ನೂ ಸ್ವಾರಸ್ಯದ್ದು. ಒಬ್ಬ ಭಿಕ್ಷು ಶೌಚದ ಪಾತ್ರೆಯಲ್ಲಿ ನೀರು ಉಳಿಸಿ ಬಂದ ಅನ್ನುವಲ್ಲಿಂದ ಅದು ಶುರುವಾಯಿತು ಅಂತ ಅಟ್ಟಕಥೆಗಳು, ಅಂದರೆ ಪಾಲಿ ಗ್ರಂಥಗಳ ಹಳೆಯ ವ್ಯಾಖ್ಯಾನಗಳು, ಹೇಳುತ್ತವೆ. ಅದು ಅಪರಾಧವೇ ಅಲ್ಲವೇ ಎಂಬ ವಾದ ಬೆಳೆದು ಸಂಘ ಎರಡು ಹೋಳಾಯಿತು. ಬುದ್ಧನೇ ಹೇಳಿದರೂ ಕೇಳಲಿಲ್ಲ. ಆತ ಬೇಸತ್ತು ಕಾಡಿಗೆ ಹೋದ. ಆಗ ಕೋಸಂಬಿಯ ಜನ ಒಂದು ಕೆಲಸ ಮಾಡಿದರು. ಭಿಕ್ಷುಗಳಿಗೆ ಕೈ ಮುಗಿಯುವುದನ್ನು ನಿಲ್ಲಿಸಿದರು, ಅನ್ನ ಹಾಕುವುದನ್ನೂ ನಿಲ್ಲಿಸಿದರು. ಬುದ್ಧನ ಉಪದೇಶದಿಂದ ಆಗದ್ದು ಖಾಲಿ ಪಾತ್ರೆಯಿಂದ ಆಯಿತು. ಎರಡೂ ಬಣದವರು ಆಗ ಬುದ್ಧನಿದ್ದ ಸಾವತ್ಥಿ ಪಟ್ಟಣಕ್ಕೆ ಹೋಗಿ ರಾಜಿಯಾದರು.

ಇದೇ ಅಸ್ತ್ರ ಭಿಕ್ಷುಗಳ ಕೈಯಲ್ಲೂ ಇದೆ. ಸಂಘಕ್ಕೆ ಕೇಡು ಬಗೆದ ಗೃಹಸ್ಥನ ವಿರುದ್ಧ ಸಂಘ ಸೇರಿ 'ಪಾತ್ರೆ ಕವುಚಿ ಹಾಕುವ' ತೀರ್ಮಾನ ಮಾಡಬಹುದು. ಅವನ ಮನೆಯ ಅನ್ನ ಇನ್ನು ಬೇಡ ಅಂತ. ನಮ್ಮ ಕಾಲದಲ್ಲೇ ಇದು ದೊಡ್ಡದಾಗಿ ನಡೆಯಿತು. 2007ರ ಸೆಪ್ಟೆಂಬರ್ 5ರಂದು ಮ್ಯಾನ್ಮಾರಿನ ಪಕೊಕ್ಕು ಪಟ್ಟಣದಲ್ಲಿ ಬೆಲೆಯೇರಿಕೆ ವಿರುದ್ಧ ಮೆರವಣಿಗೆ ಹೊರಟ ಭಿಕ್ಷುಗಳ ಮೇಲೆ ಸೈನ್ಯ ಕೈ ಮಾಡಿತು. 17ನೇ ತಾರೀಖಿನೊಳಗೆ ಕ್ಷಮೆ ಕೇಳಿ ಅಂತ ಭಿಕ್ಷುಗಳು ಗಡುವು ಕೊಟ್ಟರು. ಕ್ಷಮೆ ಬರಲಿಲ್ಲ. ಮರುದಿನದಿಂದ ಪಾತ್ರೆಗಳನ್ನು ಬೋರಲು ಹಿಡಿದ ಭಿಕ್ಷುಗಳು ಬೀದಿಗೆ ಬಂದರು. ಸೈನಿಕ ಅಧಿಕಾರಿಗಳ, ಅವರ ಮನೆಯವರ ದಾನ ನಮಗೆ ಬೇಡ ಅಂದರು. ಬಂದೂಕು ಇರುವವರಿಗೆ ಒಂದು ಹಿಡಿ ಅನ್ನ ಬೇಡ ಅಂದರೆ ಏನಾಗುತ್ತದೆ ಅಂತ ನಮಗೆ ಅನ್ನಿಸಬಹುದು. ಆದರೆ ಅಲ್ಲಿ ಜನರಲ್‌ಗಳೂ ಬೌದ್ಧರು. ಸತ್ತ ತಂದೆತಾಯಿಗೆ ಪುಣ್ಯ ಮುಟ್ಟಿಸುವ ಬಾಗಿಲು ಮುಚ್ಚಿತು ಅಂದರೆ ಊರೊಳಗೆ ಬಹಿಷ್ಕಾರ ಹಾಕಿದ ಹಾಗೆ. ಸರ್ಕಾರ ಆ ತಿಂಗಳ ಕೊನೆಗೆ ರಾತ್ರೋರಾತ್ರಿ ವಿಹಾರಗಳಿಗೆ ನುಗ್ಗಿ ಚಳವಳಿಯನ್ನು ಹತ್ತಿಕ್ಕಿತು.

ಅನ್ನದ ಆಚೆಗೆ ಊರಿಗೆ ವಿಹಾರದಿಂದ ಏನು ಸಿಗುತ್ತದೆ? ಬರ್ಮೀಸ್ ಭಾಷೆಯಲ್ಲಿ 'ಕ್ಯಾಂಗ್' ಅಂದರೆ ವಿಹಾರವೂ ಹೌದು, ಶಾಲೆಯೂ ಹೌದು. ಎರಡಕ್ಕೂ ಒಂದೇ ಪದ ಸಾಕಾಗಿತ್ತು, ಯಾಕೆಂದರೆ ಎರಡೂ ಒಂದೇ ಕಟ್ಟಡ. ಥಾಯ್ಲೆಂಡಿನಲ್ಲಿ ರಾಜ ಚುಲಾಲಾಂಗ್‌ಕಾರ್ನ್ 1898ರಲ್ಲಿ ಹಳ್ಳಿಗಳಿಗೆ ಹೊಸ ಶಿಕ್ಷಣ ತಲುಪಿಸಲು ಹೊರಟಾಗ ಬಳಸಿಕೊಂಡದ್ದು ವಿಹಾರಗಳನ್ನೇ. ಮೇಷ್ಟ್ರಾಗಿ ಭಿಕ್ಷುಗಳು, ತರಗತಿಯಾಗಿ ವಿಹಾರದ ಜಗುಲಿ. ಅಲ್ಲಿನ ಎಷ್ಟೋ ಸರ್ಕಾರಿ ಶಾಲೆಗಳ ಹೆಸರಿನ ಮೊದಲಿಗೆ ಈಗಲೂ 'ವಾಟ್', ಅಂದರೆ ವಿಹಾರ, ಅಂತ ಇರುತ್ತದೆ. ಊರಿನ ಮೂರು ಕಂಬ ಮನೆ, ವಿಹಾರ, ಶಾಲೆ ಅನ್ನುವುದಕ್ಕೆ ಥಾಯ್ ಜನ ಮೂರರ ಮೊದಲಕ್ಷರ ಸೇರಿಸಿ 'ಬವೊನ್' ಅನ್ನುತ್ತಾರೆ. ಜಾತ್ರೆ ನಡೆಯುವುದು ಅಲ್ಲಿ, ಹೆಣ ಸುಡುವುದು ಅಲ್ಲಿ, ಓದಲು ಪೇಟೆಗೆ ಬಂದ ಬಡ ಹುಡುಗ ತಂಗುವುದೂ ಅಲ್ಲಿ.

ಇನ್ನೊಂದು ಗಂಟು ಇದಕ್ಕಿಂತ ಬಿಗಿ. ಥಾಯ್ಲೆಂಡ್, ಮ್ಯಾನ್ಮಾರ್‌ಗಳಲ್ಲಿ ಸನ್ಯಾಸ ಜೀವನಪೂರ್ತಿ ಇರಬೇಕಾಗಿಲ್ಲ. ಊರಿನ ಗಂಡು ಮಕ್ಕಳು ಕೆಲವು ವಾರವೋ ಒಂದು ಮಳೆಗಾಲವೋ ಕಾವಿ ಉಟ್ಟು, ಆಮೇಲೆ ಬಿಟ್ಟು ಬಂದು ಮದುವೆಯಾಗುತ್ತಾರೆ. ಹಾಗೆ ಒಮ್ಮೆಯೂ ದೀಕ್ಷೆ ಪಡೆಯದವನನ್ನು ಥಾಯ್ ಹಿರಿಯರು 'ಹಸಿ ಮನುಷ್ಯ' ಅನ್ನುತ್ತಿದ್ದರು, ಪಡೆದು ಬಂದವನು 'ಬೆಂದವನು'. ಸರ್ಕಾರಿ ನೌಕರರಿಗೆ ಇದಕ್ಕಾಗಿ 120 ದಿನದವರೆಗೆ ರಜೆಯೂ ಸಿಗುತ್ತದೆ. ಇದರಿಂದ ಏನಾಗುತ್ತದೆ ನೋಡಿ: ಊರಿನ ಎಷ್ಟೋ ಗಂಡಸರು ಒಂದಲ್ಲ ಒಂದು ಕಾಲಕ್ಕೆ ಆ ಸಾಲಿನಲ್ಲಿ ಪಾತ್ರೆ ಹಿಡಿದು ನಿಂತವರೇ. ಇವತ್ತು ಅನ್ನ ಹಾಕುವ ತಾಯಿಯ ಎದುರಿಗೆ ನಿಂತಿರುವುದು ಅವಳ ಮಗನೇ ಇರಬಹುದು. ಆಗಲೂ ಕೈ ಮುಗಿಯುವುದು ತಾಯಿಯೇ.

ತಾಯಿಯ ಮಾತು ಬಂದಾಗ ಒಂದು ಕೊರತೆಯನ್ನು ಹೇಳದೆ ಮುಂದೆ ಹೋಗಲಾಗದು. ಬೆಳಗಿನ ಜಾವ ಎದ್ದು ಅನ್ನ ಬೇಯಿಸುವವರಲ್ಲಿ ಹೆಂಗಸರೇ ಜಾಸ್ತಿ. ವಿಹಾರ ನಡೆಯುವುದು ಅವರ ಕೈಯಿಂದ. ಆದರೆ ಥಾಯ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ಭಿಕ್ಷುಣಿ ದೀಕ್ಷೆ ಕೊಡಬಾರದೆಂದು 1928ರಲ್ಲಿ ಅಲ್ಲಿನ ಸಂಘರಾಜರು, ಅಂದರೆ ಭಿಕ್ಷುಗಳ ಮುಖ್ಯಸ್ಥರು, ಹೊರಡಿಸಿದ ಆಜ್ಞೆ ಇಂದಿಗೂ ಅಡ್ಡ ನಿಂತಿದೆ. ದೀಕ್ಷೆ ಬೇಕೆಂದವರು ಶ್ರೀಲಂಕಾಕ್ಕೆ ಹೋಗಿ ಪಡೆದು ಬರುತ್ತಾರೆ. ಹುಡುಗನಿಗೆ ವಿಹಾರ ಓದಿನ ಏಣಿ, ಹುಡುಗಿಗೆ ಆ ಏಣಿ ಇಲ್ಲ.

ಜಾತಿಯೂ ಒಳಗೆ ನುಸುಳಿತು. ಶ್ರೀಲಂಕಾದಲ್ಲಿ ದೀಕ್ಷೆಯ ಪರಂಪರೆ ಕಡಿದುಹೋಗಿತ್ತು. 1753ರಲ್ಲಿ ಸಿಯಾಮಿನಿಂದ, ಅಂದರೆ ಈಗಿನ ಥಾಯ್ಲೆಂಡಿನಿಂದ, ಭಿಕ್ಷುಗಳನ್ನು ಕರೆಸಿ ಮತ್ತೆ ಶುರು ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಗೊಯಿಗಮ ಎಂಬ ಭೂಮಾಲೀಕ ಬೇಸಾಯಗಾರ ಜಾತಿಯವರಿಗೆ ಮಾತ್ರ ಅಂತಾಯಿತು. ದಾಲ್ಚಿನ್ನಿ ಸುಲಿಯುವ, ಮೀನು ಹಿಡಿಯುವ ಜಾತಿಗಳವರು ಸುಮ್ಮನೆ ಕೂರಲಿಲ್ಲ. 1800ರ ಆಸುಪಾಸಿನಲ್ಲಿ ಬರ್ಮಾಕ್ಕೆ ಹಡಗು ಹತ್ತಿ, ಅಲ್ಲಿ ದೀಕ್ಷೆ ಪಡೆದು ಬಂದು ಅಮರಪುರ ನಿಕಾಯ ಎಂಬ ಭಿಕ್ಷುಗಳ ಬೇರೆ ಪಂಗಡ ಕಟ್ಟಿದರು. ಊರು ಹೇಗಿರುತ್ತದೋ ವಿಹಾರವೂ ಹಾಗೆ.

ಇಲ್ಲಿಯವರೆಗಿನ ಕಥೆ ಅನ್ನದ್ದು. ದುಡ್ಡಿನ ಕಥೆ ಬೇರೆ. ಸಾಂಚಿಯ ಸ್ತೂಪದ ಕಲ್ಲುಗಳ ಮೇಲೆ ನೂರಾರು ದಾನಿಗಳ ಹೆಸರಿದೆ. ವ್ಯಾಪಾರಿಗಳು, ಭಿಕ್ಷುಣಿಯರು, ಸಾಮಾನ್ಯ ಗೃಹಿಣಿಯರು. ದಕ್ಷಿಣದ ತೋರಣದ ಒಂದು ಕೆತ್ತನೆಯನ್ನು ಮಾಡಿಕೊಟ್ಟವರು ವಿದಿಶೆಯ ದಂತದ ಕೆಲಸಗಾರರು. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಾಸಿಕದ ಗುಹೆಯಲ್ಲಿರುವ ಶಾಸನ. ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ ಕೆತ್ತಿಸಿದ್ದು, ಸುಮಾರು 1,900 ವರ್ಷ ಹಳೆಯದು. ಅದು ಅಪ್ಪಟ ಬ್ಯಾಂಕ್ ಕಾಗದ.

ಅವನು ಭಿಕ್ಷುಗಳಿಗಾಗಿ 3,000 ಕಾರ್ಷಾಪಣ ನಾಣ್ಯ ಇಟ್ಟ. ಭಿಕ್ಷುಗಳ ಕೈಗಲ್ಲ, ಅವರು ಮುಟ್ಟುವ ಹಾಗಿಲ್ಲವಲ್ಲ. ಹತ್ತಿರದ ಗೋವರ್ಧನ ಊರಿನ ನೇಕಾರರ ಸಂಘಗಳಲ್ಲಿ. ಒಂದು ಸಂಘದಲ್ಲಿ 2,000, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದರಲ್ಲಿ 1,000, ನೂರಕ್ಕೆ ಮುಕ್ಕಾಲು. ಅಸಲನ್ನು ಮುಟ್ಟಬಾರದು, ಬಡ್ಡಿಯಷ್ಟೇ ಬಳಕೆಗೆ. ಮೊದಲ ಠೇವಣಿಯ ಲೆಕ್ಕ ಹಾಕಿ: ತಿಂಗಳಿಗೆ 20, ವರ್ಷಕ್ಕೆ 240. ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಬಟ್ಟೆಗೆ ಅಂತ ಶಾಸನ ಹೇಳುತ್ತದೆ. ಇಪ್ಪತ್ತು ಹನ್ನೆರಡಲ 240. ಸರಿಯಾಗಿ ಕೂತಿತು! ನೇಕಾರರಿಗೆ ಬಂಡವಾಳ, ಭಿಕ್ಷುಗಳಿಗೆ ಚೀವರ (ಉಡುವ ಕಾವಿ ಬಟ್ಟೆ), ಉಷವದಾತನಿಗೆ ಪುಣ್ಯ.

ಆದರೆ ಅನುಕೂಲ ಹೆಚ್ಚಿದಷ್ಟೂ ಊರಿನ ಅಗತ್ಯ ಕಡಿಮೆಯಾಗುತ್ತದೆ. ನಾಲಂದಾಕ್ಕೆ ನೂರರಷ್ಟು ಹಳ್ಳಿಗಳ ಆದಾಯ ಬಿಟ್ಟುಕೊಟ್ಟಿದ್ದರು ಅಂತ 7ನೇ ಶತಮಾನದಲ್ಲಿ ಅಲ್ಲಿ ಓದಿದ ಚೀನೀ ಯಾತ್ರಿಕ ಶ್ವಾನ್‌ಜಾಂಗ್‌ನ (ನಮ್ಮ ಪಠ್ಯಪುಸ್ತಕದ ಹ್ಯೂಯೆನ್‌ತ್ಸಾಂಗ್) ವಿವರಗಳಲ್ಲಿದೆ. ಅಕ್ಕಿ, ಬೆಣ್ಣೆ, ಹಾಲು ದಿನವೂ ಗಾಡಿಯಲ್ಲಿ ಬರುತ್ತಿದ್ದವು. ಬೆಳಗ್ಗೆ ಎದ್ದು ಮನೆಮನೆ ಮುಂದೆ ನಿಲ್ಲುವ ಕಷ್ಟ ತಪ್ಪಿತು. ಅದರ ಜೊತೆಗೆ ಮನೆಮನೆಯ ಪರಿಚಯವೂ ತಪ್ಪಿರಬೇಕು. ಭಾರತದಲ್ಲಿ ದೊಡ್ಡ ವಿಹಾರಗಳು ಬಿದ್ದಾಗ ಎತ್ತಿ ನಿಲ್ಲಿಸಲು ಸುತ್ತಲಿನ ಜನ ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆಗೆ ಇದೂ ಒಂದು ಉತ್ತರ ಅಂತ ನನ್ನ ಅನಿಸಿಕೆ. ಕಾರಣಗಳು ಬೇರೆಯೂ ಇವೆ, ಇದೊಂದೇ ಅಲ್ಲ.

ಚೀನಾದಲ್ಲಿ ಬೇಡಿ ಉಣ್ಣುವವರಿಗೆ ಮರ್ಯಾದೆ ಸಿಗಲಿಲ್ಲ. ಅಲ್ಲಿನ ಚಾನ್ ಪಂಥದ (ಜಪಾನಿನಲ್ಲಿ ಇದೇ ಝೆನ್) ಗುರು ಬೈಜಾಂಗ್ 'ಒಂದು ದಿನ ದುಡಿಯದಿದ್ದರೆ ಒಂದು ದಿನ ಊಟವಿಲ್ಲ' ಅಂದರೆಂದು ಪ್ರತೀತಿ. ಮಣ್ಣು ಅಗೆಯಬಾರದೆಂಬ ನಿಯಮದ ಜಾಗದಲ್ಲಿ ಗುದ್ದಲಿ ಬಂತು. ವಿಹಾರಗಳಿಗೆ ಜಮೀನು, ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಸಾಲ ಕೊಡುವ ಖಜಾನೆ ಎಲ್ಲ ಆದವು. ಕೊನೆಗೆ ಅರಮನೆಯ ಕಣ್ಣು ಬಿತ್ತು. 845ರಲ್ಲಿ ಟಾಂಗ್ ಚಕ್ರವರ್ತಿ ವೂಜೋಂಗ್ 4,600 ವಿಹಾರಗಳನ್ನು ಮುಚ್ಚಿಸಿ 2,60,500 ಭಿಕ್ಷು ಭಿಕ್ಷುಣಿಯರನ್ನು ಮನೆಗೆ ಕಳಿಸಿದ ಅಂತ ಅರಮನೆಯ ದಾಖಲೆಯೇ ಲೆಕ್ಕ ಕೊಡುತ್ತದೆ. ಕಳಿಸಿದ ಮೇಲೆ ಅವರೆಲ್ಲ ತೆರಿಗೆ ಕಟ್ಟುವವರ ಪಟ್ಟಿಗೆ ಸೇರಿದರು.

ಜಪಾನಿನಲ್ಲಿ ನಂಟು ಇನ್ನೊಂದೇ ರೂಪ ತಾಳಿತು. 1637–38ರಲ್ಲಿ ಶಿಮಾಬಾರಾದಲ್ಲಿ ರೈತರು ದಂಗೆ ಎದ್ದರು. ಅವರಲ್ಲಿ ಕ್ರೈಸ್ತರು ಬಹಳ ಮಂದಿ. ದಂಗೆ ಅಡಗಿಸಿದ ಮೇಲೆ ಶೋಗನ್ ಸರ್ಕಾರ, ಅಂದರೆ ಆಗ ದೇಶ ಆಳುತ್ತಿದ್ದ ಸೇನಾಧಿಪತಿಯ ಆಡಳಿತ, ಒಂದೊಂದು ಮನೆಯೂ ಯಾವುದಾದರೂ ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಲೇಬೇಕು ಎಂಬುದನ್ನು ಬಿಗಿ ಮಾಡಿತು. ಇವರು ಕ್ರೈಸ್ತರಲ್ಲ ಅಂತ ದೇವಾಲಯ ಚೀಟಿ ಕೊಡಬೇಕು. ಮದುವೆಯಾಗಿ ಬೇರೆ ಊರಿಗೆ ಹೋಗಲು, ಪ್ರಯಾಣಕ್ಕೆ, ಕೆಲಸಕ್ಕೆ ಸೇರಲು, ಎಲ್ಲದಕ್ಕೂ ಆ ಚೀಟಿ. ಹುಟ್ಟು ಸಾವಿನ ಪಟ್ಟಿ ಅಲ್ಲೇ. ಪುರೋಹಿತ ಹೆಚ್ಚುಕಡಿಮೆ ಊರಿನ ಶಾನುಭೋಗನಾದ. ಹೀಗೆ ದೇವಾಲಯಕ್ಕೆ ಸೇರಿದ ಮನೆತನಕ್ಕೆ 'ದಂಕಾ' ಅನ್ನುತ್ತಾರೆ. ಮನೆತನ ದೇವಾಲಯವನ್ನು ಸಾಕಬೇಕು, ದೇವಾಲಯ ಅವರ ಸತ್ತವರನ್ನು ನೋಡಿಕೊಳ್ಳಬೇಕು.

ಶೋಗನ್ ಆಳ್ವಿಕೆ ಮುಗಿದು ಚಕ್ರವರ್ತಿಯ ಹೆಸರಿನ ಮೇಜಿ ಸರ್ಕಾರ ಬಂದ ಮೇಲೆ ಆ ಪಟ್ಟಿ ಕೆಲಸ ಹೋಯಿತು. 1872ರಲ್ಲಿ ಬಂದ ಆದೇಶ ಪುರೋಹಿತರು ಮದುವೆಯಾಗಬಹುದು, ಮಾಂಸ ತಿನ್ನಬಹುದು, ಕೂದಲು ಬಿಡಬಹುದು ಅಂದಿತು. ಈಗ ಅಲ್ಲಿ ಅಪ್ಪನ ದೇವಾಲಯ ಮಗನಿಗೆ ಬರುವುದು ಮಾಮೂಲು. ಆದರೆ ಸಮಾಧಿಗಳು ಎಲ್ಲಿಗೂ ಹೋಗಲಿಲ್ಲ. ದೇವಾಲಯದ ಹಿತ್ತಲಲ್ಲಿ ಮನೆತನದ ಕಲ್ಲು, ಅದರಡಿ ಅಜ್ಜ ಮುತ್ತಜ್ಜನ ಬೂದಿ. ಏಳನೇ ದಿನ, 49ನೇ ದಿನ, ವರ್ಷಾಂತಿಕ, ಹೀಗೆ 33ನೇ ವರ್ಷದವರೆಗೂ ಕರ್ಮ. ಜಪಾನೀಯರೇ ಇದನ್ನು 'ಶವಸಂಸ್ಕಾರದ ಬೌದ್ಧಧರ್ಮ' ಅಂತ ಹಾಸ್ಯ ಮಾಡುತ್ತಾರೆ.

ಈಗ ಆ ಗಂಟೂ ಸಡಿಲವಾಗುತ್ತಿದೆ. ಹಳ್ಳಿಯ ಮಕ್ಕಳು ಟೋಕಿಯೊ, ಒಸಾಕಾಗಳಲ್ಲಿದ್ದಾರೆ. ವರ್ಷಕ್ಕೊಮ್ಮೆ ಬಂದು ಕಲ್ಲು ತೊಳೆಯುವುದಕ್ಕೂ ಪುರುಸೊತ್ತಿಲ್ಲ. ಸಮಾಧಿಯನ್ನು ತೆಗೆಸಿ, ಬೂದಿಯನ್ನು ಪೇಟೆಗೆ ಸಾಗಿಸಿ, ದೇವಾಲಯದ ಲೆಕ್ಕ ಚುಕ್ತಾ ಮಾಡುವುದಕ್ಕೆ 'ಹಾಕಾ-ಜಿಮಾಯ್' ಎಂಬ ಹೆಸರೇ ಇದೆ, ಸಮಾಧಿ ಮುಚ್ಚುವುದು ಅಂತ ಅರ್ಥ. ದೇಶದಲ್ಲಿ 75,000ಕ್ಕೂ ಹೆಚ್ಚು ದೇವಾಲಯಗಳಿವೆ, ಹಳ್ಳಿಗಾಡಿನ ಒಬ್ಬೊಬ್ಬ ಪುರೋಹಿತರು ಎರಡು ಮೂರನ್ನು ನೋಡಿಕೊಳ್ಳುತ್ತಾರೆ. ಇಂಥ ಹೊತ್ತಿನಲ್ಲಿ ನಾರಾ ಪ್ರಾಂತ್ಯದ ಒಂದು ದೇವಾಲಯದಿಂದ 2014ರಲ್ಲಿ ಒಂದು ಸಣ್ಣ ಕೆಲಸ ಶುರುವಾಯಿತು. ಬುದ್ಧನ ಮುಂದೆ ಭಕ್ತರು ಇಡುವ ಬಿಸ್ಕತ್ತು, ಸಿಹಿ, ಹಣ್ಣು ಕೆಲವೊಮ್ಮೆ ತಿಂದು ಮುಗಿಯುವುದಿಲ್ಲ. ಅದನ್ನು ಪೆಟ್ಟಿಗೆ ಕಟ್ಟಿ, ಒಬ್ಬರೇ ಮಕ್ಕಳನ್ನು ಸಾಕುತ್ತಿರುವ ಬಡ ತಾಯಂದಿರಿಗೆ ಕಳಿಸುವುದು. 'ಒತೆರಾ ಒಯಾತ್ಸು ಕ್ಲಬ್', ಅಂದರೆ ದೇವಾಲಯದ ತಿಂಡಿ ಕ್ಲಬ್. ಬೇರೆ ಬೇರೆ ಪಂಥಗಳ ದೇವಾಲಯಗಳೂ ಸೇರಿಕೊಂಡವು. 2018ರಲ್ಲಿ ಜಪಾನಿನ ಗುಡ್ ಡಿಸೈನ್ ಪ್ರಶಸ್ತಿಯ ಮೊದಲ ಬಹುಮಾನ ಕಾರಿಗೋ ಫೋನಿಗೋ ಹೋಗದೆ ಈ ಪೆಟ್ಟಿಗೆಗಳಿಗೆ ಬಂತು.

ಸುತ್ತಲಿನ ಊರು ಬೌದ್ಧರದ್ದೇ ಆಗಿರದಿದ್ದರೆ? ಥಾಯ್ಲೆಂಡಿನ ದಕ್ಷಿಣ ತುದಿಯ ಮುಸ್ಲಿಂ ಬಹುಸಂಖ್ಯಾತ ಜಿಲ್ಲೆಗಳಲ್ಲಿ 2004ರಿಂದ ಹಿಂಸೆ ಹೆಚ್ಚಿದ ಮೇಲೆ ಪಿಂಡಪಾತಕ್ಕೆ ಹೊರಟ ಭಿಕ್ಷುಗಳ ಹಿಂದೆ ಮುಂದೆ ಬಂದೂಕಿನ ಸೈನಿಕರು ನಡೆಯುವ ಸ್ಥಿತಿ ಬಂತು. ಬಂದೂಕಿನ ಕಾವಲಲ್ಲಿ ಬರುವ ಪಾತ್ರೆಯನ್ನು ನೆರೆಯ ಮುಸ್ಲಿಂ ಮನೆಯವರು ಯಾವ ಕಣ್ಣಿನಿಂದ ನೋಡಬೇಕು ಅನ್ನುವುದು ಸುಲಭದ ಪ್ರಶ್ನೆಯಲ್ಲ.

ಅಮೆರಿಕದ ಬರ್ಕ್ಲಿ ಪಟ್ಟಣದ ಥಾಯ್ ವಿಹಾರದ ಪಾಡು ಅದಕ್ಕಿಂತ ಹಗುರ. ಅಲ್ಲಿ ಮನೆಮನೆಯ ಮುಂದೆ ಪಾತ್ರೆ ಹಿಡಿದು ನಿಂತರೆ ಯಾರಿಗೂ ಅರ್ಥವಾಗುವುದಿಲ್ಲ. ಹಾಗಾಗಿ ಪ್ರತಿ ಭಾನುವಾರ ಬೆಳಗ್ಗೆ ವಿಹಾರದ ಅಂಗಳದಲ್ಲೇ ಒಲೆ ಹಚ್ಚುತ್ತಾರೆ. ದುಡ್ಡು ಕೊಟ್ಟು ಟೋಕನ್ ತಗೊಳ್ಳಬೇಕು, ಟೋಕನ್ ಕೊಟ್ಟರೆ ತಟ್ಟೆಗೆ ಊಟ. ಕಾಲೇಜು ಹುಡುಗರು, ಬೌದ್ಧರಲ್ಲದ ನೆರೆಹೊರೆಯವರು ಸಾಲು ನಿಲ್ಲುತ್ತಾರೆ. 2008ರಲ್ಲಿ ಕೆಲವು ನೆರೆಯವರು ಗದ್ದಲ, ವಾಸನೆ, ಗಾಡಿ ನಿಲ್ಲಿಸಲು ಜಾಗವಿಲ್ಲ ಅಂತ ದೂರು ಕೊಟ್ಟರು. ವಿಷಯ ನಗರಾಡಳಿತದ ಮುಂದೆ ಹೋಯಿತು. ಉಣ್ಣುವವರು ವಿಹಾರದ ಪರ ನಿಂತರು, ಊಟ ಮುಂದುವರಿಯಿತು. ಬಾಣಲೆ ಮುಂದೆ ಬೆವರು ಸುರಿಸುವವರು ಥಾಯ್ ಕುಟುಂಬದವರು. ಅವರಿಗೆ ಸಂಬಳವಿಲ್ಲ, ಅವರ ಲೆಕ್ಕದಲ್ಲಿ ಅದು ಪಾತ್ರೆಗೆ ಹಾಕಿದ ಅನ್ನ.